ದೀಪ ಹತ್ತಿಸುವ ಹಿತ್ತಾಳೆ ಕೊಳವೆ

ಪ್ರಶ್ನೆ: ನನ್ನ ಮಗ ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿನ ಯಂತ್ರದಲ್ಲಿ ಬೆರಳುದ್ದದ ಹಿತ್ತಾಳೆ ಕೊಳವೆ ಇದೆಯಂತೆ. ಕಬ್ಬಿಣದ ಭಾಗ ಹತ್ತಿರ ಬಂದರೆ ಸಾಕು, ಮುಟ್ಟುವ ಮೊದಲೇ ಅದರ ದೀಪ ಹತ್ತುತ್ತದಂತೆ. ಅಲ್ಯೂಮಿನಿಯಂ ಆದರೆ ಇನ್ನೂ ಹತ್ತಿರ ಒಯ್ಯಬೇಕಂತೆ. ಒಳಗೆ ಅಯಸ್ಕಾಂತ ಇದೆಯೆ?
— ಓದುಗರೊಬ್ಬರು, ಕಲ್ಯ, ಮಾಗಡಿ ತಾಲ್ಲೂಕು

ಉತ್ತರ: ಇಲ್ಲ. ಬರೀ ಅಯಸ್ಕಾಂತವಾಗಿದ್ದರೆ ಅದರ ಮುಂದೆ ಸುಮ್ಮನೆ ನಿಂತ ಅಲ್ಯೂಮಿನಿಯಂ ಇದ್ದೂ ಇಲ್ಲದಂತೆಯೇ. ನಿಮ್ಮ ಮಗ ಗಮನಿಸಿದ ಆ ಎರಡನೇ ಸಂಗತಿಯಲ್ಲೇ ಗುಟ್ಟಿದೆ.

ಅದು ಇಂಡಕ್ಟಿವ್ ಪ್ರಾಕ್ಸಿಮಿಟಿ ಸೆನ್ಸರ್. ಕೊಳವೆಯ ಮೂತಿಯಲ್ಲಿ ತಾಮ್ರದ ಸುರುಳಿ, ಅದರಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ವಿದ್ಯುತ್ತು. ಹಾಗಾಗಿ ಮೂತಿಯ ಮುಂದೆ ಕಾಂತಕ್ಷೇತ್ರವೊಂದು ಮಿಡಿಯುತ್ತಲೇ ಇರುತ್ತದೆ. ಲೋಹ ಆ ಕ್ಷೇತ್ರದೊಳಗೆ ಬಂದರೆ, ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮದಂತೆ, ಲೋಹದ ಮೈಯಲ್ಲೇ ಸಣ್ಣ ಸುಳಿಪ್ರವಾಹಗಳು ಹುಟ್ಟುತ್ತವೆ. ಅವು ಶಾಖವಾಗಿ ಕಳೆಯುವ ಶಕ್ತಿಯನ್ನು ಸುರುಳಿಯೇ ತೆರಬೇಕು. ಅದರ ಮಿಡಿತ ಕುಗ್ಗುತ್ತದೆ, ಕುಗ್ಗಿದ್ದನ್ನು ಸರ್ಕ್ಯೂಟ್ ಗುರುತಿಸಿ ದೀಪ ಹತ್ತಿಸುತ್ತದೆ. ಕಬ್ಬಿಣದಲ್ಲಿ ಈ ನಷ್ಟ ಜಾಸ್ತಿ. ಅಲ್ಯೂಮಿನಿಯಂ, ತಾಮ್ರಗಳಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ನಷ್ಟ ಕಡಿಮೆ. 18 ಮಿ.ಮೀ. ದಪ್ಪದ ಸಾಮಾನ್ಯ ಸೆನ್ಸರ್‌ಗೆ ಉಕ್ಕು 5 ಮಿ.ಮೀ. ದೂರದಲ್ಲೇ ಗೊತ್ತಾದರೆ, ಅಲ್ಯೂಮಿನಿಯಂ ಸುಮಾರು 2 ಮಿ.ಮೀ.ವರೆಗೆ ಬರಬೇಕು. ಚನ್ನಪಟ್ಟಣದ ಗೊಂಬೆಯನ್ನು ಮೂತಿಗೆ ಒತ್ತಿ ಹಿಡಿದರೂ ದೀಪ ಹತ್ತದು. ಮರದಲ್ಲಿ ಸುಳಿಪ್ರವಾಹ ಎಲ್ಲಿಂದ ಬರಬೇಕು?

ಜರ್ಮನಿಯ ಮ್ಯಾನ್‌ಹೈಮ್‌ನ ಪೆಪರ್ಲ್ ಮತ್ತು ಫುಕ್ಸ್ ಕಂಪನಿ ಇದನ್ನು 1958ರಲ್ಲಿ ರೂಪಿಸಿತು. ಅದಕ್ಕೆ ಮೊದಲು ಸನ್ನೆಯಿರುವ ಲಿಮಿಟ್ ಸ್ವಿಚ್‌ನದೇ ಕಾರುಬಾರು: ಯಂತ್ರದ ಭಾಗ ಬಂದು ಸನ್ನೆಯನ್ನು ತಳ್ಳಬೇಕು. ತಳ್ಳಿ ತಳ್ಳಿ ಸನ್ನೆ ಸವೆಯುತ್ತದೆ, ಒಳಗಿನ ಸಂಪರ್ಕಬಿಂದು ಕರಕಲಾಗುತ್ತದೆ. ಹಾಗೆಂದು ಅದು ಮಾಯವಾಗಿಲ್ಲ, ಲಿಫ್ಟ್‌ಗಳಲ್ಲಿ ಈಗಲೂ ಇದೆ.

ಅಯಸ್ಕಾಂತದ ಜಾತಿಯೂ ಬೇರೆ ಇದೆ. ಗಾಳಿಯ ಒತ್ತಡದಲ್ಲಿ ಓಡುವ ಸಿಲಿಂಡರ್‌ಗಳನ್ನು ನೋಡಲು ಮಗನಿಗೆ ಹೇಳಿ. ಪಿಸ್ಟನ್‌ಗೆ ಅಯಸ್ಕಾಂತದ ಉಂಗುರ ತೊಡಿಸಿ, ಹೊರಮೈಗೆ ರೀಡ್ ಸ್ವಿಚ್ಚನ್ನೋ ಹಾಲ್ ಸೆನ್ಸರನ್ನೋ ಕಟ್ಟಿರುತ್ತಾರೆ. ಎಡ್ವಿನ್ ಹಾಲ್ 1879ರಲ್ಲಿ ಚಿನ್ನದ ತೆಳು ಹಾಳೆಯಲ್ಲಿ ಕಂಡ ಪರಿಣಾಮವೇ ಈ ಹಾಲ್ ಸೆನ್ಸರ್‌ನ ಮೂಲ. ಸಿಲಿಂಡರ್‌ನ ಅಲ್ಯೂಮಿನಿಯಂ ಗೋಡೆ ಇಲ್ಲಿ ಅಡ್ಡಿಯೇ ಅಲ್ಲ, ಅಯಸ್ಕಾಂತದ ಬಲ ಅದನ್ನು ದಾಟಿ ಹೊರಬರುತ್ತದೆ. ಪಿಸ್ಟನ್ ಬಂತೋ ಇಲ್ಲವೋ ಎಂಬುದಷ್ಟೇ ಸಾಲದು, ಎಷ್ಟು ದೂರದಲ್ಲಿದೆ ಎಂದೂ ತಿಳಿಯಬೇಕಾದರೆ ಇನ್ನೊಂದು ಉಪಾಯವಿದೆ. ಉದ್ದನೆಯ ತಂತಿಯಲ್ಲಿ ವಿದ್ಯುತ್ತಿನ ಮಿಡಿತವೊಂದನ್ನು ಬಿಡುತ್ತಾರೆ. ಅಯಸ್ಕಾಂತ ಇರುವ ಜಾಗದಲ್ಲಿ ತಂತಿ ತುಸು ತಿರುಚಿ ಅಲೆ ಏಳುತ್ತದೆ. ಅಲೆ ತುದಿ ಮುಟ್ಟಲು ತೆಗೆದುಕೊಂಡ ಹೊತ್ತಿನಿಂದ ದೂರ ಸಿಗುತ್ತದೆ. ಪ್ಲಾಸ್ಟಿಕ್ ಅಚ್ಚು ಹಾಕುವ ಯಂತ್ರಗಳಲ್ಲಿ ಇದು ಸಾಮಾನ್ಯ.

ಎಣ್ಣೆ, ಧೂಳು, ಕೂಲೆಂಟ್ ನೀರಿಗೆ ಇಂಡಕ್ಟಿವ್ ಸೆನ್ಸರ್‌ಗಳು ಜಗ್ಗುವುದಿಲ್ಲ. ಆದರೆ ಮೂತಿಗೆ ಕಬ್ಬಿಣದ ಚೂರು ಮೆತ್ತಿಕೊಂಡರೆ ಭಾಗ ಬಾರದೆಯೇ ದೀಪ ಉರಿಯುತ್ತದೆ, ಒರೆಸಿದರೆ ಸರಿಹೋಗುತ್ತದೆ. ಅಂತರ ನೋಡದೆ ಬಿಗಿದರೆ ಮಾತ್ರ, ಮುಟ್ಟದೆ ಕೆಲಸ ಮಾಡಬೇಕಾದ ಸೆನ್ಸರ್‌ಗೆ ಓಡುವ ಭಾಗವೇ ಬಂದು ಬಡಿದು ಮೂತಿ ಒಡೆಯುತ್ತದೆ.