ಗುಲಾಬಿಗಿಡಗಳ ನಡುವಣ ಎಡೆ

ಗುಲಾಬಿಯನ್ನು ನೆಡುವವರು ಗುಂಡಿ, ಗೊಬ್ಬರ, ನೀರು ಇವುಗಳನ್ನು ಕುರಿತು ಹತ್ತು ಜನರನ್ನು ವಿಚಾರಿಸುವರು. ಗಿಡಗಿಡಕ್ಕೆ ಎಷ್ಟು ಎಡೆ ಬಿಡಬೇಕೆಂಬುದನ್ನು ಮಾತ್ರ ಕಣ್ಣಂದಾಜಿಗೆ ಬಿಡುವರು. ಗೊಬ್ಬರ ಕಡಿಮೆಯಾದರೆ ಆಮೇಲೆ ಹಾಕಬಹುದು. ಬೇರೂರಿದ ಗಿಡವನ್ನು ಸರಿಸುವುದು ಸುಲಭವಲ್ಲ. ಆದುದರಿಂದ ಈ ವಿಷಯವನ್ನು ನೆಡುವುದಕ್ಕೆ ಮೊದಲೇ ಆಲೋಚಿಸತಕ್ಕದ್ದು.

ಮುಡುಕುತೊರೆಯ ಸುತ್ತಣ ರೈತರಿಗೆ ಇದರ ತತ್ತ್ವವು ಚೆನ್ನಾಗಿ ತಿಳಿದಿದೆ. ಮಲ್ಲಿಕಾರ್ಜುನಸ್ವಾಮಿಯ ಬೆಟ್ಟದಿಂದ ನೋಡಿದರೆ ಬಾಗಿ ಹರಿಯುವ ಕಾವೇರಿಯೂ, ಬತ್ತದ ಗದ್ದೆಗಳೂ, ತೆಂಗಿನ ಮರಗಳೂ ಕಾಣುವುವು. ಬತ್ತದ ಪೈರನ್ನು ಗೇಣಿನೊಳಗಿನ ಎಡೆಯಲ್ಲಿ ನಾಟಿಮಾಡುವ ರೈತನೇ ತೆಂಗಿನ ಸಸಿಗಳ ನಡುವೆ ಸುಮಾರು 25 ಅಡಿ ಬಿಡುತ್ತಾನೆ. ಅವನು ಲೆಕ್ಕಿಸುವುದು ಸಸಿಯ ಇಂದಿನ ಗಾತ್ರವನ್ನಲ್ಲ, ಬೆಳೆದಮೇಲಿನ ಹರವನ್ನು.

ಗುಲಾಬಿಯಲ್ಲಿಯೂ ಹರವು ಜಾತಿಯಿಂದ ಜಾತಿಗೆ ಬೇರೆ. ದೊಡ್ಡ ಹೂವಿನ ಹೈಬ್ರಿಡ್ ಟೀ ಜಾತಿಗೆ 2½ ಅಡಿ, ಗೊಂಚಲು ಹೂವಿನ ಫ್ಲಾರಿಬಂಡಕ್ಕೆ 2 ಅಡಿ, ಕಿರುಗುಲಾಬಿಗೆ 1 ಅಡಿ ಸಾಕು. ಪೊದೆಯಾಗಿ ಹರಡುವ ಪನ್ನೀರುಗುಲಾಬಿಗೆ 4 ಅಡಿಯೂ, ಹಂದರಕ್ಕೆ ಹಬ್ಬುವ ಬಳ್ಳಿಗುಲಾಬಿಗೆ 6ರಿಂದ 10 ಅಡಿಯೂ ಬೇಕು. ಇಂಗ್ಲೆಂಡಿನ ತೋಟಗಳಿಗಾಗಿ ಹೇಳಿದ ಅಳತೆಯು ಇಲ್ಲಿಗೆ ಸಾಲದೆ ಹೋಗಬಹುದು. ಏಕೆಂದರೆ ಅಲ್ಲಿ ಚಳಿಗಾಲವು ಗಿಡದ ಬೆಳವಣಿಗೆಯನ್ನು ತಡೆಯುತ್ತದೆ, ನಮ್ಮ ಮೈಸೂರು ಸೀಮೆಯಲ್ಲಿ ಅದು ವರ್ಷವೆಲ್ಲ ಚಿಗುರುತ್ತದೆ.

ಒತ್ತಾಗಿ ನೆಟ್ಟರೆ ಮೂರು ಕೇಡುಗಳುಂಟು. ಮೊದಲನೆಯದಾಗಿ, ಗುಲಾಬಿಗೆ ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು. ಒಂದರ ನೆರಳಿನಲ್ಲಿ ಇನ್ನೊಂದು ನಿಂತರೆ ಕೊಂಬೆಗಳು ಬಡವಾಗಿ ಮೇಲಕ್ಕೆ ಎಳೆದು ಹೂವು ಕಡಿಮೆಯಾಗುವುದು. ಎರಡನೆಯದಾಗಿ, ಬೇರುಗಳು ಒಂದೇ ಮಣ್ಣಿನ ಸಾರಕ್ಕಾಗಿ ಹೋರಾಡುವುವು. ಮೂರನೆಯದು ಎಲ್ಲಕ್ಕಿಂತಲೂ ಕೆಟ್ಟದ್ದು: ಗಾಳಿಯಾಡದೆ ಎಲೆಗಳು ಬೇಗ ಒಣಗವು. ಎಲೆಯ ಮೇಲೆ ಸುಮಾರು 7 ಗಂಟೆ ತೇವ ನಿಂತರೆ ಕಪ್ಪುಚುಕ್ಕೆ ರೋಗದ ಬೂಷ್ಟು ಒಳಹೊಗುವುದು. ಎಲೆಗಳು ಹಳದಿಯಾಗಿ ಉದುರುವುವು. ಮುಂಗಾರೂ ಹಿಂಗಾರೂ ಸುರಿಯುವ ಈ ಸೀಮೆಯಲ್ಲಿ ಇದು ಅಲ್ಪ ಸಂಗತಿಯಲ್ಲ.

ಇನ್ನು ಲೆಕ್ಕವನ್ನು ನೋಡೋಣ. 20 ಅಡಿ ಉದ್ದ, 5 ಅಡಿ ಅಗಲದ ಪಾತಿಯಲ್ಲಿ 1½ ಅಡಿಗೊಂದರಂತೆ ಮೂರು ಸಾಲಾಗಿ ನೆಟ್ಟರೆ 39 ಗಿಡಗಳು ಹಿಡಿಯುವುವು. 2½ ಅಡಿಗೊಂದರಂತೆ ಎರಡು ಸಾಲಾದರೆ 16 ಮಾತ್ರ. ಮೊದಲನೆಯದು ಲಾಭವೆಂದು ತೋರುವುದು. ಆದರೆ ನಡುಸಾಲಿಗೆ ಕತ್ತರಿಯೂ ಬಿಸಿಲೂ ತಲಪಲಾರವು. 23 ಸಸಿಗಳಿಗೆ ಹೆಚ್ಚಾಗಿ ಕೊಟ್ಟ ಹಣವು ಉಳಿದ 16ರ ಆರೋಗ್ಯವನ್ನು ಕೆಡಿಸುವುದಕ್ಕೇ ವ್ಯಯವಾದಂತಾಯಿತು.

ವಿದ್ಯಾರ್ಥಿನಿಯರು ಹೀಗೆ ಮಾಡಬಹುದು. ಒಂದು ಹುರಿಗೆ 2½ ಅಡಿಗೊಂದು ಗಂಟು ಹಾಕಿರಿ. ಪಾತಿಯ ಅಂಚಿನಿಂದ 15 ಅಂಗುಲ ಒಳಗೆ ಅದನ್ನು ಬಿಗಿದು, ಗಂಟಿಗೊಂದು ಗೂಟ ನೆಡಿರಿ. ಗೂಟವಿದ್ದಲ್ಲಿ 1½ ಅಡಿ ಆಳದ ಗುಂಡಿ ತೋಡಿರಿ. ಎರಡು ಪಾತಿಗಳ ನಡುವೆ, ಲಂಗದ ಅಂಚು ಮುಳ್ಳಿಗೆ ಸಿಕ್ಕದಂತೆ, 3 ಅಡಿ ದಾರಿ ಬಿಡಿರಿ. ಗದ್ದೆಯ ಮಗ್ಗುಲಿನ ಜವುಗು ನೆಲದಲ್ಲಿ ಎಷ್ಟು ಎಡೆ ಬಿಟ್ಟರೂ ಬೇರು ಕೊಳೆಯುವುದು. ಅಲ್ಲಿ ಪಾತಿಯನ್ನು ಅರ್ಧ ಅಡಿಯಾದರೂ ಎತ್ತರಿಸತಕ್ಕದ್ದು. ಎಡೆಯು ಮಿತಿಮೀರಿದರೂ ಒಳ್ಳೆಯದಲ್ಲ. ಬರಿಯ ನೆಲವು ಬೇಗ ಒಣಗಿ ಕಳೆಗೆ ಎಡೆಗೊಡುವುದು.

ಮೊದಲ ವರ್ಷದಲ್ಲಿ ಪಾತಿಯು ಬರಿದಾಗಿ ಕಾಣುವುದು ಸಹಜ. ಆಗ ನಡುವೆ ಇನ್ನೊಂದು ಗುಲಾಬಿಯನ್ನು ತುರುಕುವ ಆಶೆಯನ್ನು ತಡೆಯಬೇಕು. ಬೇಕಾದರೆ ಬುಡದಿಂದ ದೂರವಾಗಿ ಕೊತ್ತಂಬರಿಯನ್ನೋ ಮೆಂತ್ಯವನ್ನೋ ಬಿತ್ತಬಹುದು. ಎರಡನೆಯ ವರ್ಷ ಗಿಡಗಳು ತಮ್ಮ ಎಡೆಯನ್ನು ತಾವೇ ತುಂಬಿಕೊಳ್ಳುವುವು.