ಬೈಕ್ ಕೇಸ್ ಇದ್ದವರು ಪೈಲಟ್ ಆಗಬಹುದೇ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮ ನಡೆಯಿತು. ಸಿಎ, ಸಿಎಸ್, ಬ್ಯಾಂಕ್ ಪರೀಕ್ಷೆ ಎಲ್ಲ ಮುಗಿದ ಮೇಲೆ ‘ಪ್ರಶ್ನೆ ಇದ್ದರೆ ಕೇಳಿ’ ಎಂದರು. ನಾನು ಎದ್ದು, ‘ಸರ್, ಬೈಕ್ ಓಡಿಸಿ ಪೊಲೀಸರ ಕೈಗೆ ಸಿಕ್ಕವರು ಪೈಲಟ್ ಆಗಬಹುದಾ?’ ಎಂದೆ. ಇಡೀ ಹಾಲ್ ನಕ್ಕಿತು. ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಅಕೌಂಟೆನ್ಸಿ ಸರ್ ಕರೆದು, ‘ಪ್ರಶ್ನೆ ಚೆನ್ನಾಗಿದೆ, ಉತ್ತರವನ್ನೂ ನೀನೇ ಹುಡುಕು, ಹುಡುಕಿದ್ದನ್ನು ನಮ್ಮ ಪತ್ರಿಕೆಗೆ ಬರೆದುಕೊಡು’ ಎಂದರು. ಹಾಗಾಗಿ ಈ ಲೇಖನ.

ನಾನು ಹಾಗೆ ಕೇಳಲು ಕಾರಣ ಇತ್ತು. ನಮ್ಮೂರು ಶಿವಾರಪಟ್ಟಣ. ಕಲ್ಲಿನ ವಿಗ್ರಹ ಕೆತ್ತುವವರ ಊರು ಎಂದು ನಿಮಗೆಲ್ಲ ಗೊತ್ತು. ನಮ್ಮ ಅಬ್ಬಾ ಟಾಟಾ ಏಸ್ ಗಾಡಿಯಲ್ಲಿ ಆ ವಿಗ್ರಹಗಳನ್ನು ಬೆಂಗಳೂರಿಗೆ, ಹೊಸೂರಿಗೆ, ಕೆಲವು ಸಲ ಇನ್ನೂ ದೂರಕ್ಕೆ ಸಾಗಿಸುತ್ತಾರೆ. ಕೆಳಗೆ ಹುಲ್ಲು ಹಾಸಿ, ಮೇಲೆ ಗೋಣಿಚೀಲ ಸುತ್ತಿ, ಹಗ್ಗ ಬಿಗಿದು, ಹಂಪ್ ಬಂದರೆ ಮನುಷ್ಯ ನಡೆಯುವ ವೇಗದಲ್ಲಿ ಗಾಡಿ ಬಿಡುತ್ತಾರೆ. ಒಂದು ಬೆರಳು ಮುರಿದರೂ ಆ ದಿನದ ಬಾಡಿಗೆ ಹೋಯಿತು ಎಂದೇ ಲೆಕ್ಕ. ಮನೆಯಲ್ಲಿ ಒಂದು ಹಳೆಯ ಬೈಕ್ ಇದೆ. ಮೊದಲ ಪಿಯುಸಿಯಲ್ಲಿದ್ದಾಗ ಬಸ್ ತಪ್ಪಿದ ಒಂದು ಬೆಳಿಗ್ಗೆ ಹೇಳದೆ ಕೇಳದೆ ಅದನ್ನು ತೆಗೆದುಕೊಂಡು ಹೊರಟೆ. ದಾರಿಯಲ್ಲಿ ತಪಾಸಣೆ ನಡೆಯುತ್ತಿತ್ತು. ಹೆಲ್ಮೆಟ್ ಇಲ್ಲ, ಲೈಸೆನ್ಸ್ ಇಲ್ಲ, ವಯಸ್ಸು ಹದಿನಾರು. ಅಬ್ಬಾಗೆ ಫೋನ್ ಹೋಯಿತು. ಲೋಡ್ ಅರ್ಧಕ್ಕೆ ಬಿಟ್ಟು, ಅಂಗಿಯ ಮೇಲೆಲ್ಲ ಕಲ್ಲಿನ ಪುಡಿ ಇರುವಾಗಲೇ ಓಡಿ ಬಂದರು. ಅಲ್ಲಿದ್ದ ಅಧಿಕಾರಿ ನನ್ನನ್ನು ಬಯ್ಯಲಿಲ್ಲ. ಅಬ್ಬಾ ಕಡೆ ತಿರುಗಿ, ‘ಕೇಸ್ ಹಾಕಿದರೆ ಹುಡುಗನಿಗಿಂತ ಮೊದಲು ನಿಮ್ಮ ಮೇಲೆ ಬೀಳುತ್ತೆ ಸಾಹೇಬ್ರೇ’ ಎಂದರು. ಎಚ್ಚರಿಕೆ ಕೊಟ್ಟು ಕಳಿಸಿದರು. ಮನೆಗೆ ಬಂದ ಮೇಲೆ ನಾನು ಬೈಕಿನ ಕೀ ಕೊಡಲು ಹೋದಾಗ ಅಬ್ಬಾ ‘ನಕ್ಕೋ’ ಎಂದರು, ಅಷ್ಟೇ. ಕೀ ತೆಗೆದುಕೊಳ್ಳದೆ ಒಳಗೆ ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪೈಲಟ್ ಆಗುವ ಆಸೆ ಚಿಕ್ಕಂದಿನಿಂದ ಇತ್ತು. ದೇವನಹಳ್ಳಿ ಕಡೆಯ ವಿಮಾನ ಕಂಡರೆ ಈಗಲೂ ತಲೆ ಎತ್ತುತ್ತೇನೆ. ಅದೆಲ್ಲ ಒಂದು ಬೆಳಿಗ್ಗೆ ಮುಗಿದುಹೋಯಿತೇನೋ ಎನ್ನಿಸಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ದೇಶದಲ್ಲಿ ಪೈಲಟ್ ಲೈಸೆನ್ಸ್ ಕೊಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಹದಿನೆಂಟು ವರ್ಷ ತುಂಬಿರಬೇಕು, ವೈದ್ಯಕೀಯ ಪರೀಕ್ಷೆ ಪಾಸಾಗಿರಬೇಕು, ಲಿಖಿತ ಪರೀಕ್ಷೆಗಳು ಆಗಿರಬೇಕು, 200 ಗಂಟೆ ಹಾರಾಟ ಆಗಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಬೇಕು ಎಂಬ ನಿಯಮವೂ ಬಹುಕಾಲದಿಂದ ಇದೆ. ವಾಣಿಜ್ಯ ವಿಭಾಗದವರು ಇಲ್ಲೇ ಓದುವುದನ್ನು ನಿಲ್ಲಿಸಬೇಡಿ. ನಮ್ಮಂಥ ಎಷ್ಟೋ ಜನ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಆ ಎರಡು ವಿಷಯಗಳನ್ನು ಮಾತ್ರ ಬರೆದು ಪಾಸಾಗಿ ಮುಂದೆ ಹೋಗಿದ್ದಾರೆ. ಈ ಅರ್ಹತೆಗಳ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ಡ್ರೈವಿಂಗ್ ಲೈಸೆನ್ಸ್ ಇರಬೇಕು ಎಂದು ಅದರಲ್ಲಿ ಇಲ್ಲ. ಟ್ರಾಫಿಕ್ ದಂಡ ಕಟ್ಟಿರಬಾರದು ಎಂದೂ ಇಲ್ಲ.

ಹಾಗಾದರೆ ದಾಖಲೆಗೂ ಪೈಲಟ್ ಕೆಲಸಕ್ಕೂ ಸಂಬಂಧವೇ ಇಲ್ಲವೇ? ಇದೆ. ಅದು ಲೈಸೆನ್ಸ್ ಅರ್ಜಿಯಲ್ಲಿ ಕಾಣುವುದಿಲ್ಲ, ಬೇರೆ ಬಾಗಿಲುಗಳಲ್ಲಿ ಎದುರಾಗುತ್ತದೆ.

ಅದರಲ್ಲಿ ದೊಡ್ಡದು ಪಾಸ್‌ಪೋರ್ಟ್. ವಿದೇಶಕ್ಕೆ ಹೋಗುವ ವಿಮಾನ ನಡೆಸುವವರಿಗೆ ಅದಿಲ್ಲದೆ ಆಗುವುದಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಂ ಪ್ರಕಾರ, ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಿ ಐದು ವರ್ಷ ಕಳೆದಿರದಿದ್ದರೆ ಪಾಸ್‌ಪೋರ್ಟ್ ಸಿಗುವುದಿಲ್ಲ. ಇದು ಸರಿ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೆ ಆಶ್ಚರ್ಯವಾದದ್ದು ಮುಂದಿನ ಸಾಲು. ಕ್ರಿಮಿನಲ್ ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇದ್ದರೂ ಸಾಕು, ಪಾಸ್‌ಪೋರ್ಟ್ ನಿರಾಕರಿಸಲಾಗುತ್ತದೆ. ಶಿಕ್ಷೆಯೇ ಆಗಬೇಕೆಂದಿಲ್ಲ. ಕೇವಲ ಎಫ್‌ಐಆರ್ ಆದ ಮಾತ್ರಕ್ಕೆ ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇದೆ ಎನ್ನಲಾಗದು ಎಂದು ಹೈಕೋರ್ಟ್‌ಗಳು ಹೇಳಿವೆ. ಆದರೆ ವಿಚಾರಣೆ ಶುರುವಾದರೆ ಆ ನ್ಯಾಯಾಲಯದ ಅನುಮತಿ ತರಬೇಕು. 1993ರ ಆಗಸ್ಟ್ 25ರ ಅಧಿಸೂಚನೆ ಈ ದಾರಿ ತೆರೆದಿದೆ. ಅನುಮತಿಯಲ್ಲಿ ನ್ಯಾಯಾಲಯ ಅವಧಿ ಹೇಳದಿದ್ದರೆ ಪಾಸ್‌ಪೋರ್ಟ್ ಒಂದು ವರ್ಷಕ್ಕೆ ಮಾತ್ರ. ಪ್ರತಿವರ್ಷ ನ್ಯಾಯಾಲಯಕ್ಕೆ ಅಲೆಯುವ ಹೊಸ ಪೈಲಟ್‌ನನ್ನು ಯಾವ ಕಂಪನಿ ಇಷ್ಟಪಟ್ಟು ತೆಗೆದುಕೊಳ್ಳುತ್ತದೆ?

ಎರಡನೆಯ ಬಾಗಿಲು ನಿಜಕ್ಕೂ ಬಾಗಿಲೇ. ವಿಮಾನ ನಿಲ್ಲುವ ಜಾಗಕ್ಕೆ ಹೋಗಲು ಪ್ರವೇಶ ಪಾಸ್ ಬೇಕು. ವಿಮಾನಯಾನ ಭದ್ರತೆ ನೋಡಿಕೊಳ್ಳುವ ಬಿಸಿಎಎಸ್ ಎಂಬ ಸಂಸ್ಥೆಯ ನಿಯಮದಂತೆ, ಅದಕ್ಕೆ ಹಿನ್ನೆಲೆ ಪರಿಶೀಲನೆ ಆಗುತ್ತದೆ. ಇದು ಪೈಲಟ್‌ಗೆ ಮಾತ್ರವಲ್ಲ, ವಿಮಾನ ನಿಲ್ದಾಣದಲ್ಲಿ ಲಗೇಜ್ ಎತ್ತುವವರಿಗೂ ಅನ್ವಯ. ನಮ್ಮ ಕಡೆಯಿಂದ ದೇವನಹಳ್ಳಿಗೆ ಕೆಲಸಕ್ಕೆ ಹೋಗುವ ಹುಡುಗರಿದ್ದಾರೆ, ಅವರಿಗೆ ಇದು ಗೊತ್ತಿರುತ್ತದೆ.

ಮೂರನೆಯದು ಕಂಪನಿಯ ಅರ್ಜಿ. ನಿಮ್ಮ ಮೇಲೆ ಪ್ರಕರಣ ಇದೆಯೇ, ಶಿಕ್ಷೆ ಆಗಿದೆಯೇ ಎಂದು ಬರೆದು ಸಹಿ ಮಾಡಬೇಕಾಗುತ್ತದೆ. ಇಲ್ಲಿ ನಮ್ಮ ಪಠ್ಯವೇ ನೆನಪಾಯಿತು. ಹೆಲ್ಮೆಟ್ ದಂಡ ಕಟ್ಟಿದ್ದು ಲಾಭ ನಷ್ಟದ ಖಾತೆಗೆ ಹೋದ ಖರ್ಚು. ಸ್ಥಳದಲ್ಲೇ ದಂಡ ಕಟ್ಟಿ ರಾಜಿಯಾದ ಮೇಲೆ ಅದು ಅಲ್ಲಿಗೆ ಮುಗಿಯಿತು, ನ್ಯಾಯಾಲಯದ ಶಿಕ್ಷೆ ಅಲ್ಲ. (2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ನಮ್ಮ ಮಾಮು ಎರಡು ವರ್ಷದ್ದನ್ನು ಒಟ್ಟಿಗೆ ಕಟ್ಟಿ ಬಂದು ಬಿರಿಯಾನಿ ಮಾಡಿಸಿದ್ದರು!) ಬಾಕಿ ಇರುವ ಪ್ರಕರಣ ಹಾಗಲ್ಲ, ಅದು ಕಂಟಿಂಜೆಂಟ್ ಲಯಬಿಲಿಟಿ. ಹೊಣೆ ಬೀಳಬಹುದು, ಬೀಳದೆಯೂ ಇರಬಹುದು. ಬ್ಯಾಲೆನ್ಸ್ ಶೀಟಿನ ಒಳಗೆ ಬರುವುದಿಲ್ಲ, ಆದರೆ ಕೆಳಗೆ ಟಿಪ್ಪಣಿಯಲ್ಲಿ ತೋರಿಸಲೇಬೇಕು. ತೋರಿಸದಿದ್ದರೆ ಆಡಿಟರ್ ಹಿಡಿಯುವುದು ಆ ಮೊತ್ತಕ್ಕಾಗಿ ಅಲ್ಲ, ಮುಚ್ಚಿಟ್ಟದ್ದಕ್ಕಾಗಿ. ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನಲ್ಲಿ ಸುಳ್ಳು ಮಾಹಿತಿ ಕೊಡುವುದೇ ಒಂದು ಅಪರಾಧ. ಅದಕ್ಕೆ ಎರಡು ವರ್ಷದವರೆಗೆ ಜೈಲು ಆಗಬಹುದು.

ಮುಚ್ಚಿಡುವ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಹೇಳಬೇಕು. ಎರಡೂ ಸರ್ಕಾರಿ ನೌಕರಿಗೆ ಸಂಬಂಧಿಸಿದವು, ಆದರೂ ನಮಗೆ ಉಪಯೋಗ. ಬಾಡಿಗೆದಾರರೊಂದಿಗಿನ ಜಗಳದ ಹಳೆಯ ಪ್ರಕರಣವನ್ನು ಅರ್ಜಿಯಲ್ಲಿ ಬರೆಯದೆ ದೆಹಲಿ ಪೊಲೀಸ್ ಕೆಲಸ ಕಳೆದುಕೊಳ್ಳುವಂತಾಗಿದ್ದ ಸಂದೀಪ್ ಕುಮಾರ್ ಎಂಬವರ ಪರವಾಗಿ 2011ರಲ್ಲಿ ತೀರ್ಪು ಬಂತು. ಎಳೆಯ ವಯಸ್ಸಿನವರು ಮಾಡುವ ಸಣ್ಣ ತಪ್ಪುಗಳನ್ನು ಕ್ಷಮಿಸಬಹುದು ಎಂಬ ಅರ್ಥದ ಮಾತು ಅದರಲ್ಲಿದೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇನ್ನೂ ಸ್ಪಷ್ಟ ಮಾಡಿತು. ಮಾಹಿತಿ ನಿಜವಾಗಿರಬೇಕು, ಮುಚ್ಚಿಟ್ಟದ್ದು ತೀರಾ ಚಿಕ್ಕದಾಗಿದ್ದರೆ ಕೆಲಸ ಕೊಡುವವರು ಅದನ್ನು ಬಿಟ್ಟುಬಿಡಬಹುದು, ದೊಡ್ಡದಾಗಿದ್ದರೆ ಕೆಲಸದಿಂದ ತೆಗೆಯಬಹುದು. ‘ಬಿಟ್ಟುಬಿಡಬಹುದು’ ಎಂದರೆ ಬಿಡಲೇಬೇಕು ಎಂದಲ್ಲ.

ಯೂಟ್ಯೂಬ್‌ನಲ್ಲಿ ಅಮೆರಿಕದ ಪೈಲಟ್‌ಗಳ ವಿಡಿಯೋ ನೋಡಿ ನಮ್ಮ ಗೆಳೆಯರು ಹೆದರುವುದುಂಟು. ಅಲ್ಲಿನ ನಿಯಮವೇ ಬೇರೆ. ಕುಡಿದು ಕಾರು ಓಡಿಸಿ ಶಿಕ್ಷೆಯಾದರೆ ಅಥವಾ ಡ್ರೈವಿಂಗ್ ಲೈಸೆನ್ಸ್ ಅಮಾನತಾದರೆ ಪೈಲಟ್ ಅದನ್ನು 60 ದಿನದೊಳಗೆ ಎಫ್‌ಎಎಗೆ ಬರೆದು ತಿಳಿಸಬೇಕು. ಮೂರು ವರ್ಷದಲ್ಲಿ ಎರಡು ಸಲ ಹೀಗಾದರೆ ಪೈಲಟ್ ಲೈಸೆನ್ಸ್‌ಗೇ ಕುತ್ತು. ಅಲ್ಲಿ ರಸ್ತೆಗೂ ಆಕಾಶಕ್ಕೂ ನೇರ ಸಂಬಂಧ. 1990ರ ಮಾರ್ಚ್ 8ರಂದು ಫಾರ್ಗೋದಿಂದ ಮಿನಿಯಾಪೊಲಿಸ್‌ಗೆ ಹೋದ ನಾರ್ತ್‌ವೆಸ್ಟ್ ವಿಮಾನದ ಮೂವರು ಸಿಬ್ಬಂದಿಯೂ ಕುಡಿದ ಅಮಲಿನಲ್ಲಿ ಹಾರಿಸಿದ್ದು ಸಾಬೀತಾಗಿ ಜೈಲಿಗೆ ಹೋದರು. ಕ್ಯಾಪ್ಟನ್ ಲೈಲ್ ಪ್ರೌಸ್ ಜೈಲಿನಿಂದ ಬಂದು, ಕುಡಿತ ಬಿಟ್ಟು, ಎಲ್ಲ ಲೈಸೆನ್ಸ್‌ಗಳನ್ನೂ ಮೊದಲಿನಿಂದ ಗಳಿಸಿ, ಮತ್ತೆ ಅದೇ ಕಂಪನಿಯಲ್ಲಿ ಹಾರಿದರು. 2001ರಲ್ಲಿ ಅಧ್ಯಕ್ಷರ ಕ್ಷಮಾದಾನವೂ ಸಿಕ್ಕಿತು.

ನಮ್ಮಲ್ಲಿ ಮದ್ಯದ ನಿಯಮ ಕೆಲಸಕ್ಕೆ ಸೇರಿದ ಮೇಲೆ ಹಿಡಿಯುತ್ತದೆ. ಹಾರಾಟಕ್ಕೆ ಮುಂಚಿನ 12 ಗಂಟೆ ಕುಡಿದಿರಬಾರದು. ಉಸಿರಿನ ಪರೀಕ್ಷೆಯಲ್ಲಿ ಸೊನ್ನೆಯೇ ಬರಬೇಕು. ಮೊದಲ ಸಲ ಸಿಕ್ಕರೆ ಮೂರು ತಿಂಗಳು ಲೈಸೆನ್ಸ್ ಅಮಾನತು, ಎರಡನೆಯ ಸಲ ಮೂರು ವರ್ಷ, ಮೂರನೆಯ ಸಲ ರದ್ದು. 2018ರ ನವೆಂಬರ್‌ನಲ್ಲಿ ಲಂಡನ್ ವಿಮಾನಕ್ಕೆ ಮುಂಚೆ ಪರೀಕ್ಷೆಯಲ್ಲಿ ಫೇಲಾದ ಏರ್ ಇಂಡಿಯಾದ ಅತಿ ಹಿರಿಯ ಅಧಿಕಾರಿಯೊಬ್ಬರಿಗೂ ಮೂರು ವರ್ಷದ ಅಮಾನತೇ ಆಯಿತು. ನಮ್ಮ ಮನೆಗಳಲ್ಲಿ ಈ ಮಾತೇ ಬರುವುದಿಲ್ಲ ಎಂದು ಈ ಭಾಗ ಹಾರಿಸಬೇಡಿ. ಆಲ್ಕೋಹಾಲ್ ಇರುವ ಔಷಧಿ, ಬಾಯಿ ಮುಕ್ಕಳಿಸುವ ದ್ರವ, ಹಲ್ಲಿನ ಜೆಲ್ ಕೂಡ ಬಳಸಬಾರದು ಎಂದು 2023ರಲ್ಲಿ ನಿಯಮ ಬಿಗಿಯಾಗಿದೆ.

ಇನ್ನು ನಮ್ಮ ವಯಸ್ಸಿನವರ ವಿಷಯ. ಸರ್ ಹೇಳಿರದಿದ್ದರೆ ನಾನು ಇದನ್ನು ಓದುತ್ತಲೇ ಇರಲಿಲ್ಲ. ಹದಿನಾರು ತುಂಬಿದವರು 50 ಸಿಸಿಗಿಂತ ಹೆಚ್ಚಿಲ್ಲದ ಬೈಕನ್ನು ಲೈಸೆನ್ಸ್ ಇಟ್ಟುಕೊಂಡು ಓಡಿಸಬಹುದು. ನಮ್ಮ ಕಾಲೇಜಿನ ಹೊರಗೆ ನಿಲ್ಲುವ ಯಾವ ಗಾಡಿಯೂ ಆ ಲೆಕ್ಕಕ್ಕೆ ಬರುವುದಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಎಂಬ ಕಲಂ ಸೇರಿದೆ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರು ತಪ್ಪಿತಸ್ಥರು. ತಮಗೆ ಗೊತ್ತಿಲ್ಲದೆ ಆಯಿತು ಅಥವಾ ತಡೆಯಲು ತಾವು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆವು ಎಂದು ಅವರೇ ಸಾಬೀತು ಮಾಡಬೇಕು. ಇಲ್ಲದಿದ್ದರೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಕಲಿಕಾ ಲೈಸೆನ್ಸ್ ಕೂಡ ಸಿಗುವುದಿಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಮಾತ್ರ ಹದಿನೆಂಟಕ್ಕೇ ಸಿಗಬಹುದು! ವಿಮಾನ ಇಳಿಸಿ ಬಂದು ಮನೆಗೆ ಹೋಗಲು ಬಸ್ಸಿಗೆ ಕಾಯುವ ಪೈಲಟ್‌ನನ್ನು ನೆನೆಸಿಕೊಳ್ಳಿ.

ನಮಗೆ ಒಂದು ರಕ್ಷಣೆ ಇದೆ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ, ಹದಿನೆಂಟರ ಒಳಗೆ ಮಾಡಿದ ತಪ್ಪಿನಿಂದ ಮುಂದೆ ಯಾವ ಅನರ್ಹತೆಯೂ ಅಂಟಿಕೊಳ್ಳಬಾರದು, ದಾಖಲೆಗಳನ್ನು ನಾಶ ಮಾಡಬೇಕು. ಹದಿನಾರು ದಾಟಿ ಘೋರ ಅಪರಾಧ ಮಾಡಿ, ದೊಡ್ಡವರಂತೆ ವಿಚಾರಣೆಗೆ ಒಳಗಾದವರಿಗೆ ಈ ರಕ್ಷಣೆ ಇಲ್ಲ. ಹದಿನೆಂಟು ತುಂಬಿದ ದಿನ ಇದೂ ಮುಗಿಯಿತು. ಆಮೇಲೆ ಹೆದ್ದಾರಿ 75ರಲ್ಲಿ ವೀಲಿಂಗ್ ಮಾಡಿ ಯಾರಿಗಾದರೂ ಗುದ್ದಿ ಅವರು ತೀರಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಬರುತ್ತದೆ. ಹಳೆಯ ಕಾನೂನಿನಲ್ಲಿ ಎರಡು ವರ್ಷವಿದ್ದ ಶಿಕ್ಷೆ 2024ರ ಜುಲೈ 1ರಿಂದ ಐದು ವರ್ಷದವರೆಗೆ ಏರಿದೆ. ವಿಚಾರಣೆ ನಡೆಯುವಷ್ಟು ವರ್ಷವೂ ನಾನು ಮೇಲೆ ಹೇಳಿದ ಪಾಸ್‌ಪೋರ್ಟ್ ಕಥೆ. ಮೈದಾನದ ಹೊಡೆದಾಟದ ಕೇಸಿಗೂ, ಯೋಚಿಸದೆ ಫಾರ್ವರ್ಡ್ ಮಾಡಿ ಆದ ಕೇಸಿಗೂ ಇದೇ ಮಾತು.

ಹಾಗಾಗಿ ಹಾಲ್‌ನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ: ಆಗಬಹುದು. ನನ್ನ ಆ ಬೆಳಗಿನ ಸವಾರಿಯಿಂದ ನನ್ನ ಪೈಲಟ್ ಕನಸಿಗೆ ಏನೂ ಆಗುತ್ತಿರಲಿಲ್ಲ. ಆಗುವುದಿದ್ದರೆ ಅಬ್ಬಾಗೆ ಆಗುತ್ತಿತ್ತು. ಹದಿನೈದು ವರ್ಷದಿಂದ ಸ್ಟಿಯರಿಂಗ್ ಹಿಡಿದೇ ಮನೆ ನಡೆಸಿದವರ ಹೆಸರಿನಲ್ಲಿ ಒಂದು ಕ್ರಿಮಿನಲ್ ಪ್ರಕರಣ ಇರುತ್ತಿತ್ತು. ಇದು ನನಗೆ ಕಾಯ್ದೆ ಓದಿದ ಮೇಲೆ ಗೊತ್ತಾಯಿತು. ಅಬ್ಬಾಗೆ ಅಂದೇ ರಸ್ತೆಯಲ್ಲಿ ನಿಂತಾಗಲೇ ಗೊತ್ತಾಗಿತ್ತು.

ಅಬ್ಬಾ ಮತ್ತು ಅಮ್ಮಿ ಉಮ್ರಾಗೆ ಹೋಗಬೇಕೆಂದು ನಾಲ್ಕು ವರ್ಷದಿಂದ ಚೀಟಿ ಕಟ್ಟುತ್ತಿದ್ದಾರೆ. ಕಳೆದ ವಾರ ಇಬ್ಬರ ಪಾಸ್‌ಪೋರ್ಟ್ ಅರ್ಜಿಯನ್ನು ಕಂಪ್ಯೂಟರಿನಲ್ಲಿ ನಾನೇ ತುಂಬಿದೆ. ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದೆಯೇ ಎಂಬ ಪ್ರಶ್ನೆ ಅದರಲ್ಲೂ ಬರುತ್ತದೆ. ಅಬ್ಬಾ ಪಕ್ಕದಲ್ಲೇ ಕುಳಿತಿದ್ದರು, ಏನೂ ಹೇಳಲಿಲ್ಲ. ನಾನು ‘ಇಲ್ಲ’ ಎಂಬುದನ್ನು ಒತ್ತಿ ಮುಂದಿನ ಪುಟಕ್ಕೆ ಹೋದೆ.