ಹಳೆಯ ಹಿಮಾಲಯನ್, ಹೊಸ ಹಿಮಾಲಯನ್: ಹೋಲಿಸಿ ಕೊಳ್ಳುವ ಕ್ರಮ

ದೂರ ಪ್ರಯಾಣಕ್ಕೆಂದು ಮೋಟಾರ್‌ಸೈಕಲ್ ಕೊಳ್ಳಹೊರಟವರು ಮಾರುವವರನ್ನು ಮೊದಲು ಕೇಳುವುದು ಗಾಡಿ ಯಾವ ವರ್ಷದ್ದು ಎಂದು. ಪ್ರಶ್ನೆ ಸಹಜವೇ, ಆದರೆ ಒಂದೇ ಹೆಸರಿನ ಬೈಕು ಕೆಲವೊಮ್ಮೆ ವರ್ಷಗಟ್ಟಲೆ ಹೆಚ್ಚಿನ ಬದಲಾವಣೆಯಿಲ್ಲದೆ ತಯಾರಾಗುತ್ತಿರುತ್ತದೆ, ಇನ್ನು ಕೆಲವೊಮ್ಮೆ ಒಂದೇ ವರ್ಷದೊಳಗೆ ಅದರ ಎಂಜಿನ್, ಚಾಸಿ, ಬ್ರೇಕುಗಳೆಲ್ಲವೂ ಬೇರೆಯಾಗಿಬಿಡುತ್ತವೆ. ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್ ಇದಕ್ಕೆ ತಕ್ಕ ನಿದರ್ಶನ. 2023ರ ಹಿಮಾಲಯನ್ ಎಂದು ಮಾರಾಟಕ್ಕಿರುವ ಗಾಡಿ 411 ಸಿಸಿಯ ಹಳೆಯ ಎಂಜಿನ್ನಿನದಾಗಿರಬಹುದು, ಅದೇ ವರ್ಷದ ನವೆಂಬರಿನಲ್ಲಿ ಬಿಡುಗಡೆಯಾದ 452 ಸಿಸಿಯ ಎಂಜಿನ್ನಿನದೂ ಆಗಿರಬಹುದು, ಮತ್ತು ಇವೆರಡರ ನಡುವೆ ಹೆಸರನ್ನು ಬಿಟ್ಟರೆ ಸಮಾನವಾದದ್ದು ತೀರಾ ಕಡಿಮೆ. ಆದ್ದರಿಂದ ಹೋಲಿಕೆಯ ಮೊದಲ ಹೆಜ್ಜೆ ಇಸವಿಯ ಹಿಂದಿರುವ ತಲೆಮಾರನ್ನು ಗುರುತಿಸುವುದು.

ತಲೆಮಾರನ್ನು ಗುರುತಿಸುವುದು

ಭಾರತದಲ್ಲಿ ವಾಹನಗಳ ತಲೆಮಾರುಗಳು ಬಹುಮಟ್ಟಿಗೆ ಸರ್ಕಾರದ ನಿಯಮಗಳನ್ನು ಅನುಸರಿಸಿ ಬದಲಾಗುತ್ತವೆ. ಹೊಗೆಯಲ್ಲಿ ಯಾವ ವಿಷಾನಿಲ ಎಷ್ಟಿರಬಹುದೆಂದು ಮಿತಿ ಹಾಕುವ ‘ಭಾರತ್ ಸ್ಟೇಜ್’, ಎಂದರೆ ಬಿಎಸ್ ಮಾನದಂಡದ ನಾಲ್ಕನೆಯ ಹಂತವು 2017ರ ಏಪ್ರಿಲ್ 1ರಿಂದಲೂ ಆರನೆಯ ಹಂತವು 2020ರ ಏಪ್ರಿಲ್ 1ರಿಂದಲೂ ಕಡ್ಡಾಯವಾದವು. ಆರನೆಯದರ ಎರಡನೆಯ ಭಾಗ 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿತು. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯನ್ನು 125 ಸಿಸಿಗಿಂತ ದೊಡ್ಡ ಬೈಕುಗಳ ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದಲೂ ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದಲೂ ಕಡ್ಡಾಯಗೊಳಿಸಲಾಯಿತು. ಈ ದಿನಾಂಕಗಳನ್ನು ನೆನಪಿನಲ್ಲಿಟ್ಟುಕೊಂಡರೆ ಹಿಮಾಲಯನ್‌ನ ಚರಿತ್ರೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

2016ರಲ್ಲಿ ಬಂದ ಮೊದಲ ಹಿಮಾಲಯನ್‌ಗೆ ಕಾರ್ಬ್ಯುರೇಟರ್ ಇತ್ತು, ಅಂದರೆ ಪೆಟ್ರೋಲು ಮತ್ತು ಗಾಳಿಯನ್ನು ಸಣ್ಣ ರಂಧ್ರಗಳ ಮೂಲಕ ಯಾಂತ್ರಿಕವಾಗಿ ಬೆರೆಸುವ ಭಾಗ. 2017ರಲ್ಲಿ ಅದರ ಬದಲಿಗೆ ಸಂವೇದಕಗಳ ಸೂಚನೆಯಂತೆ ಪೆಟ್ರೋಲನ್ನು ಅಳೆದು ಸಿಂಪಡಿಸುವ ಫ್ಯೂಯಲ್ ಇಂಜೆಕ್ಷನ್ ಬಂದಿತು, 2018ರಲ್ಲಿ ಎಬಿಎಸ್ ಸೇರಿತು, 2020ರ ಜನವರಿಯ ಬಿಎಸ್ 6 ಮಾದರಿಯಲ್ಲಿ ಹಿಂದಿನ ಚಕ್ರದ ಎಬಿಎಸ್ಸನ್ನು ಬೇಕಾದಾಗ ನಿಲ್ಲಿಸುವ ಸ್ವಿಚ್ ದೊರೆಯಿತು. 2021ರಲ್ಲಿ ಫೋನಿನಿಂದ ದಾರಿಯ ತಿರುವುಗಳನ್ನು ಪಡೆದು ತೋರಿಸುವ ‘ಟ್ರಿಪ್ಪರ್’ ಎಂಬ ದುಂಡನೆಯ ಪರದೆ ಸೇರಿತಾದರೂ 2022ರಲ್ಲಿ ಅದನ್ನು ಐಚ್ಛಿಕವಾಗಿಸಲಾಯಿತು. ಹೀಗಾಗಿ 2022ರ ಗಾಡಿಯಲ್ಲಿ ಇಲ್ಲದ ಸೌಲಭ್ಯ 2021ರ ಗಾಡಿಯಲ್ಲಿ ಇರುವ ಸಾಧ್ಯತೆ ಉಂಟು. ಇಸವಿ ಹೊಸದಾದಷ್ಟೂ ಸೌಲಭ್ಯ ಹೆಚ್ಚು ಎಂದು ನಂಬುವವರು ಇದನ್ನು ಗಮನಿಸಬೇಕು. 2022ರ ಸ್ಕ್ರ್ಯಾಮ್ 411 ಇದೇ ಎಂಜಿನ್ನಿನದಾದರೂ ಅದರ ಮುಂದಿನ ಚಕ್ರ 19 ಇಂಚಿನದು, ಹಿಮಾಲಯನ್‌ನದು 21 ಇಂಚಿನದು. ಎರಡನ್ನೂ ಒಂದೆಂದು ಎಣಿಸಿ ಬೆಲೆ ಹೋಲಿಸುವುದು ಸರಿಯಲ್ಲ.

ಗಾಡಿ ಯಾವ ತಲೆಮಾರಿನದೆಂದು ಖಚಿತಪಡಿಸಿಕೊಳ್ಳಲು ನೋಂದಣಿ ಪ್ರಮಾಣಪತ್ರ, ಅಂದರೆ ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು-ವರ್ಷ ಮತ್ತು ಹೊಗೆ ಮಾನದಂಡ ಎರಡನ್ನೂ ನೋಡಬೇಕು. ನೋಂದಣಿಯ ದಿನಾಂಕವೇ ಬೇರೆ, ತಯಾರಿಕೆಯ ದಿನಾಂಕವೇ ಬೇರೆ. ಶೋರೂಮಿನಲ್ಲಿ ತಿಂಗಳುಗಟ್ಟಲೆ ನಿಂತು ಮುಂದಿನ ವರ್ಷ ನೋಂದಣಿಯಾದ ಗಾಡಿಯನ್ನು ಆ ವರ್ಷದ್ದೆಂದೇ ಮಾರುವುದು ಬಳಸಿದ ಗಾಡಿಗಳ ವ್ಯಾಪಾರದಲ್ಲಿ ಅಪರೂಪವಲ್ಲ.

ಅಂಕಿಗಳನ್ನು ಒಂದೇ ಅಳತೆಗೆ ತರುವುದು

ಎರಡನೆಯ ಹೆಜ್ಜೆ ಎರಡೂ ಮಾದರಿಗಳ ಅಂಕಿಗಳನ್ನು ಒಂದೇ ಅಳತೆಯಲ್ಲಿ ಬರೆದುಕೊಳ್ಳುವುದು. ಹಳೆಯ ಹಿಮಾಲಯನ್‌ನ ತೂಕ ಒಂದು ಕಡೆ 182 ಕೆ.ಜಿ. ಎಂದೂ ಇನ್ನೊಂದು ಕಡೆ 199 ಕೆ.ಜಿ. ಎಂದೂ ಕಾಣಿಸುತ್ತದೆ. ಮೊದಲನೆಯದು ಆರಂಭದ ಮಾದರಿಯ ಒಣ ತೂಕ, ಎಂದರೆ ಪೆಟ್ರೋಲು, ಆಯಿಲ್‌ಗಳಿಲ್ಲದ ಬರಿಯ ಗಾಡಿಯ ತೂಕ. ಎರಡನೆಯದು ಬಿಎಸ್ 6 ಮಾದರಿಯ ಕರ್ಬ್ ತೂಕ, ಎಂದರೆ ಅವೆಲ್ಲವನ್ನೂ ತುಂಬಿಸಿ ಓಡಿಸಲು ಸಿದ್ಧವಾದ ಗಾಡಿಯ ತೂಕ. ಹೊಸ ಹಿಮಾಲಯನ್ 450ರ 196 ಕೆ.ಜಿ.ಯನ್ನು ಈ ಎರಡನೆಯ ಅಂಕಿಯೊಡನೆ ಮಾತ್ರ ಹೋಲಿಸಬೇಕು. ಹಾಗೆ ಹೋಲಿಸಿದಾಗ, ರೇಡಿಯೇಟರ್ ಹೊತ್ತ ಹೊಸ ಗಾಡಿಯೇ ಮೂರು ಕಿಲೋ ಹಗುರ ಎಂಬುದು ಗೊತ್ತಾಗುತ್ತದೆ.

ಶಕ್ತಿಯ ವಿಷಯದಲ್ಲಿ ಅಂತರ ಬಹಳ ದೊಡ್ಡದು. ಗಾಳಿ ಮತ್ತು ಆಯಿಲ್‌ನಿಂದ ತಣಿಯುವ 411 ಸಿಸಿ ಎಂಜಿನ್ ಬಿಎಸ್ 6 ರೂಪದಲ್ಲಿ ಸುಮಾರು 24 ಅಶ್ವಶಕ್ತಿಯನ್ನು ಕೊಡುತ್ತದೆ, ಗೇರುಗಳು ಐದು. ಕೂಲೆಂಟ್ ದ್ರವದಿಂದ ತಣಿಯುವ 452 ಸಿಸಿ ಎಂಜಿನ್ 40 ಅಶ್ವಶಕ್ತಿಯನ್ನು ಕೊಡುತ್ತದೆ, ಗೇರುಗಳು ಆರು. ಆದರೆ ದೂರ ಪ್ರಯಾಣದವರು ಅಶ್ವಶಕ್ತಿಗಿಂತ ಮೊದಲು ನೋಡಬೇಕಾದದ್ದು ಟಾರ್ಕ್, ಎಂದರೆ ಚಕ್ರವನ್ನು ತಿರುಗಿಸುವ ಬಲ, ಯಾವ ವೇಗದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ ಎಂಬುದನ್ನು. ಹಳೆಯದರ 32 ನ್ಯೂಟನ್ ಮೀಟರ್ ಟಾರ್ಕ್ ಎಂಜಿನ್ ನಿಮಿಷಕ್ಕೆ ಸುಮಾರು 4,000ದಿಂದ 4,500 ಸುತ್ತು ತಿರುಗುವಾಗಲೇ ದೊರೆಯುತ್ತದೆ. ಹೊಸದರ 40 ನ್ಯೂಟನ್ ಮೀಟರಿಗೆ 5,500 ಸುತ್ತು ಬೇಕು. ಹಳೆಯ ಎಂಜಿನ್ ತನ್ನ ಬಲವನ್ನು ನಿಧಾನಗತಿಯಲ್ಲೇ ಕೊಟ್ಟುಬಿಡುವುದರಿಂದ ಆಗುಂಬೆಯ ತಿರುವುಗಳಲ್ಲಿ ಪದೇಪದೇ ಗೇರ್ ಬದಲಿಸದೆ ಹತ್ತುವ ನೆಮ್ಮದಿ ಅದರಲ್ಲಿದೆ, ಮತ್ತು ಆತುರವಿಲ್ಲದ ಸವಾರರಿಗೆ ಈ ಗುಣ ನಿಜಕ್ಕೂ ಬೆಲೆಯುಳ್ಳದ್ದು.

ಹೊಸ ಗಾಡಿಯ ಹೆಚ್ಚಿನ ಶಕ್ತಿ ಗರಿಷ್ಠ ವೇಗಕ್ಕಾಗಿ ಎಂದು ತಿಳಿಯುವುದು ತಪ್ಪು. ಕರ್ನಾಟಕದಲ್ಲಿ ಆ ವೇಗಕ್ಕೆ ಜಾಗವೂ ಇಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ನಿಷಿದ್ಧ. ಆ ಶಕ್ತಿ ಉಪಯೋಗಕ್ಕೆ ಬರುವುದು ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಎರಡೂ ಬದಿಗೆ ಚೀಲ ಕಟ್ಟಿ, ಏರುದಾರಿಯಲ್ಲಿ ಲಾರಿಯೊಂದನ್ನು ದಾಟಬೇಕಾದಾಗ. ಎದುರಿನಿಂದ ವಾಹನ ಬರುವ ಮೊದಲು ದಾಟಿ ಮುಗಿಸುವ ಆ ಕೆಲವು ಕ್ಷಣಗಳಲ್ಲಿ 16 ಅಶ್ವಶಕ್ತಿಯ ವ್ಯತ್ಯಾಸ ಸುರಕ್ಷತೆಯ ವಿಷಯವಾಗುತ್ತದೆ.

ಸೀಟಿನ ಎತ್ತರ ಹಳೆಯದರಲ್ಲಿ 800 ಮಿ.ಮೀ., ಹೊಸದರಲ್ಲಿ 825 ಮಿ.ಮೀ.; ಹೊಸದನ್ನು 845ರವರೆಗೆ ಏರಿಸಬಹುದು. ಒಂದಿಂಚಿನ ಈ ಅಂತರ ಕಾಗದದ ಮೇಲೆ ಅಲ್ಪವೆನಿಸಿದರೂ, ಇಳಿಜಾರಿನ ಜಲ್ಲಿಕಲ್ಲಿನ ಮೇಲೆ ನಿಲ್ಲಿಸುವಾಗ ಕುಳ್ಳಗಿರುವ ಸವಾರರ ಕಾಲು ನೆಲಕ್ಕೆ ಎಟಕುವುದೇ ಇಲ್ಲವೇ ಎಂಬುದನ್ನು ಅದೇ ನಿರ್ಧರಿಸುತ್ತದೆ.

ಹೋಗುವ ದಾರಿಯ ಲೆಕ್ಕ

ಮೂರನೆಯದಾಗಿ, ಗಾಡಿ ಹೋಗಬೇಕಾದ ದಾರಿಯನ್ನು ಮುಂದಿಟ್ಟುಕೊಂಡು ಅಂಕಿಗಳನ್ನು ತೂಗಬೇಕು. ಲಡಾಖಿನ ಪ್ರವಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬೈಕನ್ನು ಕೊಳ್ಳುವ ಕನ್ನಡಿಗರು ಬಹಳ ಮಂದಿ. ಖರ್ದುಂಗ್ ಲಾ ಕಣಿವೆಮಾರ್ಗ 5,300 ಮೀಟರಿಗೂ ಎತ್ತರದಲ್ಲಿದ್ದು, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಅರ್ಧದಷ್ಟು ಮಾತ್ರ. ಟರ್ಬೊ ಇಲ್ಲದ ಯಾವುದೇ ಎಂಜಿನ್ನಿನ ಶಕ್ತಿ ಒಳಗೆಳೆದುಕೊಳ್ಳುವ ಗಾಳಿಯನ್ನೇ ಅವಲಂಬಿಸಿರುವುದರಿಂದ, ಅಲ್ಲಿ 24 ಅಶ್ವಶಕ್ತಿಯ ಎಂಜಿನ್ ಹೆಚ್ಚುಕಡಿಮೆ 12ಕ್ಕೂ 40ರದ್ದು 20ರ ಆಸುಪಾಸಿಗೂ ಇಳಿಯುತ್ತದೆ; ಅಂದರೆ ಆ ಎತ್ತರದಲ್ಲಿ ಹೊಸ ಹಿಮಾಲಯನ್ ನಡೆಯುವುದು ಹಳೆಯದು ಬಯಲುಸೀಮೆಯಲ್ಲಿ ನಡೆಯುವುದಕ್ಕಿಂತ ತುಸು ಕಡಿಮೆ ಬಲದಲ್ಲಿ. ಕಾರ್ಬ್ಯುರೇಟರ್ ಇರುವ 2016ರ ಮಾದರಿಗೆ ಇನ್ನೊಂದು ತೊಡಕೂ ಇದೆ. ಗಾಳಿ ತೆಳುವಾದರೂ ಕಾರ್ಬ್ಯುರೇಟರಿನಿಂದ ಬರುವ ಪೆಟ್ರೋಲು ಅದೇ ಪ್ರಮಾಣದಲ್ಲಿ ತಗ್ಗದ ಕಾರಣ ಮಿಶ್ರಣ ಗಟ್ಟಿಯಾಗಿ, ಪ್ಲಗ್ ಮಸಿಗಟ್ಟಿ, ಎಂಜಿನ್ ಮುಕ್ಕರಿಸತೊಡಗುತ್ತದೆ. ಇಂಜೆಕ್ಷನ್ ವ್ಯವಸ್ಥೆ ಗಾಳಿಯ ಒತ್ತಡವನ್ನು ಅಳೆದು ಪೆಟ್ರೋಲನ್ನು ತಾನಾಗಿಯೇ ತಗ್ಗಿಸುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ಜೆಟ್ ಬದಲಿಸಿ ಜೋಡಿಸಬಲ್ಲವರಿಗೆ ಮಾತ್ರ ಮೊದಲ ಮಾದರಿ ತಕ್ಕದ್ದು. ಉಳಿದವರು ಬೆಲೆ ಎಷ್ಟೇ ಆಕರ್ಷಕವಾಗಿದ್ದರೂ 2017ರ ನಂತರದ್ದನ್ನೇ ನೋಡುವುದು ಲೇಸು.

ಪೆಟ್ರೋಲ್ ಟ್ಯಾಂಕು ಹಳೆಯದರಲ್ಲಿ 15 ಲೀಟರು, ಹೊಸದರಲ್ಲಿ 17. ಮನಾಲಿ-ಲೇಹ್ ದಾರಿಯಲ್ಲಿ ಟಾಂಡಿಯ ಬಂಕಿನ ಬಳಿ, ಮುಂದಿನ ಬಂಕ್ 365 ಕಿ.ಮೀ. ದೂರದಲ್ಲಿದೆ ಎಂದು ಎಚ್ಚರಿಸುವ ಫಲಕ ಪ್ರಯಾಣಿಕರಿಗೆಲ್ಲ ಪರಿಚಿತ. ಲೀಟರಿಗೆ 30 ಕಿ.ಮೀ. ದೊರೆತರೆ 15 ಲೀಟರಿಗೆ 450 ಕಿ.ಮೀ. ಆಗುತ್ತದಾದರೂ, ಹೊರೆ, ಏರು, ಕೆಳಗಿನ ಗೇರಿನ ಓಟಗಳಿಂದ ಅದು 25ಕ್ಕೆ ಇಳಿದರೆ ಉಳಿಯುವುದು 375 ಮಾತ್ರ. ಆದ್ದರಿಂದ ಕೊಳ್ಳುವ ಗಾಡಿ ನಿಜವಾಗಿ ಎಷ್ಟು ಮೈಲೇಜ್ ಕೊಡುತ್ತದೆ ಎಂಬುದನ್ನು ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಪೂರ್ತಿ ತುಂಬಿಸಿ ಅಳೆಯಬೇಕು.

ಪೆಟ್ರೋಲಿನ ಗುಣವೂ ಈಗ ಹೋಲಿಕೆಯ ಭಾಗವಾಗಿದೆ. ಶೇಕಡಾ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲನ್ನು ತಾಳಿಕೊಳ್ಳುವ ರಬ್ಬರ್ ಮತ್ತು ಲೋಹದ ಭಾಗಗಳು 2023ರ ಏಪ್ರಿಲ್‌ನಿಂದೀಚಿನ ವಾಹನಗಳಲ್ಲಿವೆ. ಅದಕ್ಕಿಂತ ಹಳೆಯ ಗಾಡಿಯನ್ನು ಕೊಳ್ಳುವವರು ಪೆಟ್ರೋಲ್ ಪೈಪು, ಸೀಲುಗಳನ್ನು ಪರೀಕ್ಷಿಸಿ ಅಗತ್ಯವಿದ್ದರೆ ಬದಲಿಸಿಕೊಳ್ಳಬೇಕು. ಎಥನಾಲ್ ನೀರನ್ನು ಹೀರಿಕೊಳ್ಳುವುದರಿಂದ, ಮಳೆಗಾಲವಿಡೀ ಗಾಡಿಯನ್ನು ಮೂಲೆಯಲ್ಲಿ ನಿಲ್ಲಿಸಿಬಿಡುವ ರೂಢಿಯನ್ನೂ ಬಿಡಬೇಕು.

ಪಂಕ್ಚರ್ ಎಂಬುದು ಸಣ್ಣ ವಿಷಯವೆಂದು ಕಂಡರೂ ಕುದುರೆಮುಖದ ಕಾಡುದಾರಿಯಲ್ಲಿ ಸಣ್ಣದಲ್ಲ. 411ರ ಕಡ್ಡಿ ಚಕ್ರಗಳಲ್ಲಿ ಟ್ಯೂಬ್ ಇರುವುದರಿಂದ ಚಕ್ರ ಬಿಚ್ಚಿಯೇ ಪ್ಯಾಚ್ ಹಾಕಬೇಕು. ಭಾರತದಲ್ಲಿ ಮೊದಲು ಮಾರಾಟವಾದ 450ರಲ್ಲಿಯೂ ಟ್ಯೂಬೇ ಇತ್ತು. ಟ್ಯೂಬ್‌ಲೆಸ್ ಕಡ್ಡಿ ಚಕ್ರಗಳು ಐಚ್ಛಿಕವಾಗಿ ದೊರೆತದ್ದು 2024ರಲ್ಲಿ. ಬಳಸಿದ 450 ಕೊಳ್ಳುವವರು ಇದನ್ನು ಕೇಳಿ ತಿಳಿಯದೆ ಮುಂಗಡ ಕೊಡಬಾರದು.

ಗಾಡಿಯನ್ನೇ ಪರೀಕ್ಷಿಸುವುದು

ತಲೆಮಾರು ಯಾವುದೆಂದು ನಿಶ್ಚಯವಾದ ಮೇಲೆ ಎದುರಿಗಿರುವ ಗಾಡಿಯ ಸ್ಥಿತಿಯೇ ಮುಖ್ಯವಾಗುತ್ತದೆ, ಏಕೆಂದರೆ ಚೆನ್ನಾಗಿ ನೋಡಿಕೊಂಡ 2019ರ ಬೈಕು ಹೊಳೆ ದಾಟಿಸಿ ಕೆಡಿಸಿದ 2022ರದಕ್ಕಿಂತ ಎಷ್ಟೋ ಮೇಲು. ಪರೀಕ್ಷೆಗೆ ಬೆಳಗ್ಗೆಯೇ ಹೋಗಬೇಕು, ಮತ್ತು ತಾವು ಬರುವ ಮೊದಲು ಸ್ಟಾರ್ಟ್ ಮಾಡಬಾರದೆಂದು ಮಾರುವವರಿಗೆ ತಿಳಿಸಬೇಕು. ತಣ್ಣಗಿರುವ ಎಂಜಿನ್ ಮಾತ್ರ ತನ್ನ ದೋಷಗಳನ್ನು ಮುಚ್ಚಿಡುವುದಿಲ್ಲ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಚಳಿಯಲ್ಲಿ ಕಾಣುವ ತೆಳುವಾದ ಬಿಳಿ ಆವಿ ಸ್ವಾಭಾವಿಕ, ಆದರೆ ಕೂಲೆಂಟ್ ಇರುವ 450ರಲ್ಲಿ ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಆ ಗಾಡಿಯನ್ನು ಬಿಡುವುದೇ ಒಳ್ಳೆಯದು. ಕೀಲಿ ತಿರುಗಿಸಿದಾಗ ಎಬಿಎಸ್ ದೀಪ ಹೊತ್ತಿಕೊಂಡು ಗಾಡಿ ಸ್ವಲ್ಪ ದೂರ ಚಲಿಸಿದ ಮೇಲೆ ಆರಬೇಕು. ದೀಪ ಹೊತ್ತಿಕೊಳ್ಳದೇ ಇದ್ದರೆ ಬಲ್ಬನ್ನೇ ತೆಗೆದಿರುವ ಸಂಭವವಿದೆ.

ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ನಿಧಾನವಾಗಿ ಅತ್ತಿತ್ತ ತಿರುಗಿಸಿದಾಗ ನಡುವೆ ಎಲ್ಲಿಯೂ ತಡೆಯಬಾರದು. ತಡೆದರೆ ಮೆಕ್ಯಾನಿಕ್‌ಗಳು ಕೋನ್‌ಸೆಟ್ ಎಂದು ಕರೆಯುವ ಹ್ಯಾಂಡಲಿನ ಬೇರಿಂಗು ಸವೆದಿದೆ. ಫೋರ್ಕಿನ ಕೊಳವೆಗಳ ಮೇಲೆ ಎಣ್ಣೆಯ ಗುರುತು, ಸಡಿಲಗೊಂಡ ಕಡ್ಡಿಗಳು, ಎಂಜಿನ್ನಿನ ಕೆಳಗಿನ ರಕ್ಷಾತಗಡಿನ ಆಳವಾದ ಗೀರುಗಳು, ಇವೆಲ್ಲ ಗಾಡಿ ಎಂಥ ದಾರಿಯಲ್ಲಿ ಓಡಿದೆ ಎಂಬುದನ್ನು ಓಡೋಮೀಟರಿಗಿಂತ ಪ್ರಾಮಾಣಿಕವಾಗಿ ಹೇಳುತ್ತವೆ. ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದ ಟೈರು, ಗುಂಡಿಗಳು ಆಳವಾಗಿ ಉಳಿದಿದ್ದರೂ ಬದಲಿಸಬೇಕಾದದ್ದು. ಟೈರುಗಳು, ಚೈನ್ ಸ್ಪ್ರಾಕೆಟ್, ಬ್ರೇಕ್ ಪ್ಯಾಡ್, ಬ್ಯಾಟರಿಗಳ ಖರ್ಚನ್ನು ಹಳೆಯ ಗಾಡಿಯ ಬೆಲೆಗೆ ಕೂಡಿಸಿದ ಮೇಲೆಯೇ ಹೊಸದರ ಬೆಲೆಯೊಡನೆ ಇಡಬೇಕು. ದುರಸ್ತಿಯ ಸುಲಭವನ್ನೂ ಈ ಲೆಕ್ಕಕ್ಕೆ ಸೇರಿಸಿದರೆ 411 ಮೇಲುಗೈ ಪಡೆಯುತ್ತದೆ: ಒಂದೇ ಕ್ಯಾಮ್‌ಶಾಫ್ಟಿನ ಅದರ ಎಂಜಿನ್ನಿನಲ್ಲಿ ಕವಾಟಗಳ ಸಡಿಲವನ್ನು ತಾಲೂಕು ಕೇಂದ್ರದ ಗ್ಯಾರೇಜಿನಲ್ಲಿಯೂ ಸ್ಕ್ರೂ ತಿರುಗಿಸಿ ಸರಿಪಡಿಸಬಹುದು, ಎರಡು ಕ್ಯಾಮ್‌ಶಾಫ್ಟ್‌ಗಳ 450ಕ್ಕೆ ಕಂಪನಿಯ ಸರ್ವೀಸ್ ಸೆಂಟರೇ ಗತಿ.

ಕೊನೆಗೆ ಎರಡೂ ತಲೆಮಾರುಗಳನ್ನು ಸಾಧ್ಯವಾದರೆ ಒಂದೇ ದಿನ, ಒಂದೇ ದಾರಿಯಲ್ಲಿ, ಮುಂದೆ ಜೊತೆಗೆ ಪ್ರಯಾಣಿಸುವವರನ್ನೇ ಹಿಂದೆ ಕೂರಿಸಿಕೊಂಡು ಓಡಿಸಬೇಕು. ಒಂಟಿಯಾಗಿ, ಘಾಟಿಗಳಲ್ಲಿ, ಗಂಟೆಗೆ 70-80 ಕಿ.ಮೀ. ಮೀರದೆ ಸಾಗುವವರಿಗೆ 2020ರಿಂದ 2023ರವರೆಗಿನ ಬಿಎಸ್ 6ರ 411 ಸಾಕು, ಹಣಕ್ಕೆ ತಕ್ಕ ಗಾಡಿಯೂ ಅದೇ. ಇಬ್ಬರ ದೂರ ಪ್ರಯಾಣಕ್ಕೂ ಎತ್ತರದ ಪ್ರದೇಶಕ್ಕೂ 450ಕ್ಕೆ ಹೆಚ್ಚು ಹಣ ಕೊಡುವುದು ನ್ಯಾಯವೇ.

ಕಾಗದಪತ್ರ

ಹಣ ಕೈ ಬದಲಾಗುವ ಮೊದಲು ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್‌ಸಿಯೊಡನೆ ತಾಳೆ ನೋಡಬೇಕು. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಗಾಡಿಯ ಮೇಲೆ ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಮತ್ತು ನಮೂನೆ 35 ಬೇಕು. ಹೊರರಾಜ್ಯದ ನೋಂದಣಿಯದಾದರೆ ಅಲ್ಲಿನ ಆರ್‌ಟಿಒದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ತರಬೇಕಾಗುವುದಲ್ಲದೆ ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ. ಆ ಮೊತ್ತವನ್ನು ಸೇರಿಸದೆ ಹೊರಗಿನ ಗಾಡಿ ಅಗ್ಗವೆಂದು ತೀರ್ಮಾನಿಸಬಾರದು. 2018ರ ಸೆಪ್ಟೆಂಬರ್ 1ರ ನಂತರ ಮಾರಾಟವಾದ ಹೊಸ ಬೈಕುಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿರುವುದರಿಂದ, 450ರ ಹೆಚ್ಚಿನ ಗಾಡಿಗಳಲ್ಲಿ ಅದು ಇನ್ನೂ ಚಾಲ್ತಿಯಲ್ಲಿರುತ್ತದೆ, 2019-20ರ 411ಗಳಲ್ಲಿ ಮೊದಲ ಅವಧಿ ಮುಗಿದಿರುತ್ತದೆ. ಗಾಡಿ ಕೈಗೆ ಬಂದ 14 ದಿನಗಳೊಳಗೆ ವಿಮೆಯನ್ನು ಹೊಸ ಮಾಲೀಕರ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು. ಕ್ಲೇಮ್ ಮಾಡದ್ದಕ್ಕಾಗಿ ಹಿಂದಿನ ಮಾಲೀಕರು ಗಳಿಸಿದ ರಿಯಾಯಿತಿ ಗಾಡಿಯೊಡನೆ ಬರುವುದಿಲ್ಲ.